ಎರಡು ಗಂಟೆ ವಾದ ಮಾಡಿದೆವು, ಅವರು ಮತ್ತೆ ಬರಲಿಲ್ಲ

ಪ್ರಶ್ನೆ: ನಾನೂ ನನ್ನ ಗಂಡನೂ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಪ್ರಾರ್ಥನಾ ಕೂಟ ನಡೆಸುತ್ತೇವೆ. 11 ಜನ ಬರುತ್ತಾರೆ. 8 ತಿಂಗಳ ಹಿಂದೆ ಒಬ್ಬ ಸಹೋದರರು ಹೊಸದಾಗಿ ಸೇರಿದರು. ಬಹಳ ವರ್ಷ ಕುಡಿತದಲ್ಲಿದ್ದು, ಅದರಿಂದ ಹೊರಬಂದು, ಕಳೆದ ವರ್ಷ ದೀಕ್ಷಾಸ್ನಾನ ತೆಗೆದುಕೊಂಡವರು. ಅವರು ಮಾಂಸ ತಿನ್ನುವುದಿಲ್ಲ. ಭಾನುವಾರ ಆರಾಧನೆ ಬಿಟ್ಟು ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ, ಫೋನ್ ಕೂಡ ಮುಟ್ಟುವುದಿಲ್ಲ. ಕರ್ತನ ಭೋಜನದಲ್ಲಿ ರೊಟ್ಟಿ ತೆಗೆದುಕೊಂಡು, ದ್ರಾಕ್ಷಾರಸದ ಪಾತ್ರೆಯನ್ನು ಮಾತ್ರ ಪಕ್ಕದವರಿಗೆ ದಾಟಿಸಿಬಿಡುತ್ತಾರೆ. ಒಂದು ದಿನ ಊಟದ ಹೊತ್ತಿಗೆ ಈ ಮಾತು ಎದ್ದಿತು. ಬೈಬಲ್ ಚೆನ್ನಾಗಿ ಬಲ್ಲ ಒಬ್ಬರು ಶುರು ಮಾಡಿದರು, ಆಮೇಲೆ ಎಲ್ಲರೂ ಸೇರಿಕೊಂಡರು. ಎರಡು ಗಂಟೆ ನಡೆಯಿತು. ಕೊನೆಗೆ ಅವರು, 'ನಿಮ್ಮಷ್ಟು ತಿಳುವಳಿಕೆ ನನಗಿಲ್ಲ' ಎಂದು ಎದ್ದು ಹೋದರು. 3 ವಾರದಿಂದ ಬಂದಿಲ್ಲ. ಸತ್ಯವನ್ನು ಹೇಳಲೇಬೇಕಿತ್ತು ಎನ್ನುತ್ತಾರೆ ನನ್ನ ಗಂಡ. ನನಗೆ ನಿದ್ದೆ ಬರುತ್ತಿಲ್ಲ. ನಾವು ತಪ್ಪು ಮಾಡಿದೆವಾ? ಅವರು ತಿರುಗಿ ಬಂದರೆ ನಾವೆಲ್ಲ ಮಾಂಸ ಬಿಡಬೇಕಾ? ಹಿಂದೊಮ್ಮೆ ಅವರೂ ಒಬ್ಬ ಹುಡುಗನಿಗೆ, 'ಭಾನುವಾರ ಆಟಕ್ಕೆ ಹೋಗುವವನು ಎಂಥ ವಿಶ್ವಾಸಿ' ಎಂದಿದ್ದರು. ಅದಕ್ಕೇನು ಮಾಡುವುದು? ಇನ್ನೊಂದು ವಿಷಯ. ಕೂಟದ ಒಬ್ಬ ಹುಡುಗಿ ಮೊನ್ನೆ ನನಗೆ ಮೆಸೇಜ್ ಕಳಿಸಿದ್ದಾಳೆ. ತನ್ನ ಪ್ರಾರ್ಥನೆಯನ್ನು ದೇವರು ಕೇಳುತ್ತಾನೆ ಅಂತ ನಂಬಲು ಆಗುತ್ತಿಲ್ಲವಂತೆ. ಆ ರಾತ್ರಿ ನೋಡಿದ ಮೇಲೆ ಕೂಟದಲ್ಲಿ ಬಾಯಿ ಬಿಡಲು ಭಯವಂತೆ.

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಒಂದು ವಿಷಯ ಇಲ್ಲವೇ ಇಲ್ಲ. ಅವರು ಮಾಂಸ ಯಾಕೆ ತಿನ್ನುವುದಿಲ್ಲ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಬಂದಿಲ್ಲ. ನೀವು ಮರೆತು ಬಿಟ್ಟಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. ಬಹುಶಃ ನಿಮಗೆ ಗೊತ್ತಿಲ್ಲ. 8 ತಿಂಗಳು ಜೊತೆಗೆ ಕೂತು ಊಟ ಮಾಡಿದ್ದೀರಿ. ಎರಡು ಗಂಟೆ ವಾದವೂ ಆಯಿತು. ಆದರೂ 'ಯಾಕೆ' ಅಂತ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಅವರು ಕೇಳದೇ ಇದ್ದ ಪ್ರಶ್ನೆಗೆ ಹತ್ತು ಜನ ಸೇರಿ ಉತ್ತರ ಕೊಟ್ಟಿದ್ದೀರಿ.

ಇದನ್ನು ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಸಭೆಯನ್ನು ನೋಡಿಕೊಳ್ಳುವ ಕೆಲಸಕ್ಕೆ ನಾನು ಬಂದು 27 ವರ್ಷ ಆಯಿತು. ಮೊದಲ ಐದಾರು ವರ್ಷ ನಾನೂ ಇದನ್ನೇ ಮಾಡಿದೆ. ಒಬ್ಬ ವಯಸ್ಸಾದ ತಾಯಿ ಕೆಲವು ದಿನಗಳಲ್ಲಿ ಕಟ್ಟುನಿಟ್ಟಾಗಿ ಉಪವಾಸ ಮಾಡುತ್ತಿದ್ದರು. ಒಂದು ದಿನ ತಪ್ಪಿದರೂ ಅಳುತ್ತಿದ್ದರು. ನಾನು ಅವರ ಮನೆಗೆ ಹೋಗಿ, ಬೈಬಲ್ ತೆರೆದು, ಒಂದೊಂದೇ ವಚನ ತೋರಿಸಿದೆ. ಅವರಿಗೆ ಎದುರು ಹೇಳಲು ಬರಲಿಲ್ಲ. ಗೆದ್ದೆ ಅಂದುಕೊಂಡು ಎದ್ದು ಬಂದೆ. ಅವರು ಉಪವಾಸವನ್ನೂ ಬಿಟ್ಟರು, ಪ್ರಾರ್ಥನೆಯನ್ನೂ ಬಿಟ್ಟರು. ಅವರ ಪಾಲಿಗೆ ಎರಡೂ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳಾಗಿದ್ದವು. ನಾನು ದಾರವನ್ನೇ ಕತ್ತರಿಸಿದ್ದೆ. ಆಮೇಲೆ ಎರಡು ವರ್ಷ ಅವರ ಮನೆಗೆ ಹೋಗಿ ಬಂದು ಮಾಡಿದೆ. ಬೈಬಲ್ ತೆರೆಯಲಿಲ್ಲ, ಸುಮ್ನೆ ಕೂತು ಅವರ ಮಾತು ಕೇಳಿದೆ. ನಿಮ್ಮ ಪತ್ರ ಓದುವಾಗ ಅವರ ಮುಖವೇ ಕಣ್ಣ ಮುಂದೆ ಬಂತು.

ನಿಮ್ಮ ಮನೆಯಲ್ಲಿ ನಡೆದದ್ದು ಹೊಸದೇನೂ ಅಲ್ಲ. ಮೊದಲ ಕಾಲದ ಸಭೆಗಳಿಗೆ ಬೋಧಿಸಿದ ಪೌಲ ರೋಮ್‌ನ ಸಭೆಗೆ ಪತ್ರ ಬರೆದಾಗ ಅಲ್ಲೂ ಹೆಚ್ಚುಕಡಿಮೆ ಇದೇ ಪಟ್ಟಿ ಇತ್ತು. ಮಾಂಸ, ದ್ರಾಕ್ಷಾರಸ, ದಿನಗಳ ಆಚರಣೆ. ಬೈಬಲ್‌ನಲ್ಲಿರುವ ಆ ಪತ್ರದ 14ನೇ ಅಧ್ಯಾಯ ತೆರೆದು ನೋಡಿ, ಮೂರೂ ಸಿಗುತ್ತವೆ.

ಆ ಜಗಳ ಎಲ್ಲಿಂದ ಬಂತು ಅಂತ ತಿಳಿದರೆ ಪೌಲನ ಮಾತಿನ ತೂಕ ಗೊತ್ತಾಗುತ್ತದೆ. ಸುಮಾರು ಕ್ರಿ.ಶ. 49ರಲ್ಲಿ ಕ್ಲೌದಿಯ ಚಕ್ರವರ್ತಿ ಯೆಹೂದ್ಯರನ್ನು ರೋಮ್‌ನಿಂದ ಹೊರಗೆ ಹಾಕಿದ. ಹಾಗೆ ಹೊರಬಿದ್ದವರಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯೂ ಇದ್ದರು ಎಂದು ಬೈಬಲ್‌ನ ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯ ಹೇಳುತ್ತದೆ. ಯೆಹೂದಿ ವಿಶ್ವಾಸಿಗಳು ಹೋದ ಮೇಲೆ ಅಲ್ಲಿನ ಸಭೆಗಳು ಬೇರೆ ಜನಾಂಗದ ವಿಶ್ವಾಸಿಗಳ ಕೈಯಲ್ಲಿ ಉಳಿದವು. 54ರಲ್ಲಿ ಕ್ಲೌದಿಯ ಸತ್ತ. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ಸುಮಾರು 57ರಲ್ಲಿ ಪೌಲ ಕೊರಿಂಥದಿಂದ ಈ ಪತ್ರ ಬರೆಯುವ ಹೊತ್ತಿಗೆ ಅಕ್ವಿಲ, ಪ್ರಿಸ್ಕಿಲ್ಲ ರೋಮ್‌ನಲ್ಲೇ ಇದ್ದರು, ಅವರ ಮನೆಯಲ್ಲೇ ಒಂದು ಸಭೆ ಸೇರುತ್ತಿತ್ತು.

ಆ ತಿರುಗಿ ಬಂದವರ ಜಾಗದಲ್ಲಿ ನಿಂತು ನೋಡಿ. ಒಂದು ಕಾಲಕ್ಕೆ ತಮ್ಮದೇ ಆಗಿದ್ದ ಕೂಟ. ಈಗ ಬಾಗಿಲು ತೆರೆಯುವವರು ಬೇರೆಯವರು. ಊಟ ಬೇರೆ, ದಿನ ಬೇರೆ, ರೂಢಿ ಬೇರೆ. ಆ ಊರಿನ ಮಾಂಸ ಯಾವ ವಿಗ್ರಹದ ಮುಂದೆ ಇಟ್ಟು ಬಂದದ್ದೋ, ಯೆಹೂದ್ಯರ ನಿಯಮದಂತೆ ರಕ್ತ ಸರಿಯಾಗಿ ಬಸಿದಿದೆಯೋ ಇಲ್ಲವೋ, ಹೇಳುವವರು ಯಾರು? ತೊಂದರೆಯೇ ಬೇಡ ಅಂತ ಕೆಲವರು ಕಾಯಿಪಲ್ಯವನ್ನಷ್ಟೇ ತಿಂದರು. ಬಾಬೆಲಿನ ಅರಮನೆಯಲ್ಲಿ ದಾನಿಯೇಲನೂ ಅವನ ಗೆಳೆಯರೂ ಇದನ್ನೇ ಮಾಡಿದ್ದರು. ಮೇಜಿನ ಆ ಕಡೆ ಕೂತವರಿಗೆ ಇದು ಹಳೆಯ ಭಯದ ಹಾಗೆ ಕಂಡಿತು. ಈ ಕಡೆಯವರಿಗೆ ಅದು ದೇವರ ಮೇಲಿನ ಪ್ರೀತಿ.

ಈಗ ಒಂದು ತಪ್ಪು ಕಲ್ಪನೆಗೆ ಬರೋಣ. ಹೀಗೆ ತಿನ್ನದೇ ಇದ್ದವರನ್ನು ಪೌಲ 'ನಂಬಿಕೆಯಲ್ಲಿ ಬಲಹೀನ' ಎಂದು ಕರೆಯುತ್ತಾನೆ. 'ನಂಬಿಕೆಯಲ್ಲಿ ಬಲಹೀನ' ಅಂದರೆ ದೇವರ ಮೇಲೆ ಕಡಿಮೆ ಪ್ರೀತಿ ಇರುವವನು, ಅರೆಮನಸ್ಸಿನ ವಿಶ್ವಾಸಿ ಎಂದು ತುಂಬ ಜನ ತಿಳಿದಿದ್ದಾರೆ. ಆ ಅಧ್ಯಾಯದಲ್ಲಿ ಅಂಥ ಅರ್ಥ ಇಲ್ಲ. ಅಲ್ಲಿ ಬಲಹೀನ ಎನಿಸಿಕೊಂಡವರು ಬಹಳ ಶ್ರದ್ಧೆಯವರು. ತಿನ್ನದೇ ಇರುವವನೂ ಕರ್ತನಿಗಾಗಿಯೇ ತಿನ್ನದೇ ಇದ್ದಾನೆ, ಅವನೂ ದೇವರಿಗೆ ಕೃತಜ್ಞತೆ ಹೇಳುತ್ತಾನೆ ಎಂದು ಪೌಲ ಬರೆಯುತ್ತಾನೆ. ಬಲಹೀನತೆ ಇರುವುದು ಪ್ರೀತಿಯಲ್ಲಿ ಅಲ್ಲ, ಧೈರ್ಯದಲ್ಲಿ. ಕ್ರಿಸ್ತನು ಕೊಟ್ಟ ಬಿಡುಗಡೆ ತನ್ನ ತಟ್ಟೆಯವರೆಗೂ, ತನ್ನ ವಾರದ ದಿನಗಳವರೆಗೂ ಬಂದಿದೆ ಎಂದು ಇನ್ನೂ ಅವರ ಮನಸ್ಸಾಕ್ಷಿ ಒಪ್ಪುತ್ತಿಲ್ಲ. ಅಷ್ಟೇ.

ನಿಮ್ಮ ಸಹೋದರರ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳಬೇಕು. ಕುಡಿತದಿಂದ ಹೊರಬಂದವರು ದ್ರಾಕ್ಷಾರಸದ ಪಾತ್ರೆಯನ್ನು ಮುಟ್ಟದೇ ಇರುವುದನ್ನು ನಾನು ಬಲಹೀನತೆ ಎಂದು ಕರೆಯುವುದೇ ಇಲ್ಲ. ಅದು ಜಾಣತನ. ಒಂದು ಗುಟುಕಿನಿಂದ ಹಳೆಯ ಬದುಕಿಗೆ ಜಾರಿದವರನ್ನು ನಾನು ಕಂಡಿದ್ದೇನೆ. 'ನಂಬಿಕೆ ಇದ್ದರೆ ಏನೂ ಆಗುವುದಿಲ್ಲ' ಎಂದು ಯಾರಾದರೂ ಆ ರಾತ್ರಿ ಹೇಳಿದ್ದರೆ, ಆ ಮಾತನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ನಿಮ್ಮ ಸಭಾಪಾಲಕರ ಜೊತೆ ಮಾತಾಡಿ ಅವರಿಗಾಗಿ ಹುಳಿ ಬರಿಸದ ದ್ರಾಕ್ಷಿ ರಸ ಇಡಬಹುದೇ ಎಂದು ಕೇಳಿ. ಎಷ್ಟೋ ಸಭೆಗಳಲ್ಲಿ ಎಲ್ಲರಿಗೂ ಅದನ್ನೇ ಕೊಡುತ್ತಾರೆ. ನಿಮ್ಮ ಸಭೆಯ ಪದ್ಧತಿ ಅದಕ್ಕೆ ಒಪ್ಪದಿದ್ದರೆ, ಅವರು ರೊಟ್ಟಿಯನ್ನಷ್ಟೇ ತೆಗೆದುಕೊಳ್ಳಲಿ. ಯಾರೂ ತಿರುಗಿ ನೋಡದಿದ್ದರೆ ಸಾಕು.

ಮಾಂಸಕ್ಕೂ ಕುಡಿತಕ್ಕೂ ಸಂಬಂಧ ಇದೆಯೋ ಏನೋ, ಯಾರಿಗೆ ಗೊತ್ತು? ಹಳೆಯ ದಿನಗಳಲ್ಲಿ ಅವೆರಡೂ ಒಂದೇ ಮೇಜಿನ ಮೇಲೆ ಇದ್ದಿರಬಹುದು. ಒಂದರ ವಾಸನೆ ಬಂದರೆ ಇನ್ನೊಂದರ ನೆನಪು ಬರುತ್ತಿರಬಹುದು. ಅಥವಾ ಯಾವುದೋ ಕಷ್ಟದ ಹೊತ್ತಿನಲ್ಲಿ ದೇವರಿಗೆ ಮಾತು ಕೊಟ್ಟಿರಬಹುದು. ಭಾನುವಾರದ ವಿಷಯವೂ ಹಾಗೇ ಇರಬಹುದು. ಏಳು ದಿನವೂ ಕುಡಿತದಲ್ಲೇ ಕಳೆದವರಿಗೆ, ಪೂರ್ತಿ ದೇವರದ್ದು ಎನ್ನಿಸುವ ಒಂದು ದಿನ ಎಷ್ಟು ದೊಡ್ಡದು ಅಲ್ವಾ? ಇಂಥ ನಿಯಮಗಳ ಹಿಂದೆ ನಾನು ಕಂಡ ಕಾರಣಗಳು ಬಹಳ. ಹಳೆಯ ಬದುಕಿನ ಗಾಯ, ಬೆಳೆದ ಮನೆಯ ಶಿಸ್ತು, ದೇವರು ಎಲ್ಲಿ ಕೈಬಿಡುತ್ತಾನೋ ಎಂಬ ಹೆದರಿಕೆ, ಮೊದಲು ಕಲಿಸಿದವರು ಹೇಳಿದ ಒಂದು ಮಾತು. ಕೆಲವು ಸಲ ಕಾರಣ ಏನೂ ಇರುವುದಿಲ್ಲ, ಬರೀ ರೂಢಿ. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ. ಕೇಳದೇ ಗೊತ್ತಾಗುವುದಿಲ್ಲ.

ಈಗ ಪೌಲನ ಮೊದಲ ಮಾತು ನೋಡಿ. ನಂಬಿಕೆಯಲ್ಲಿ ಬಲಹೀನರಾದವರನ್ನು ಸೇರಿಸಿಕೊಳ್ಳಿ, ಆದರೆ ಅವರ ಅಭಿಪ್ರಾಯಗಳನ್ನು ಹಿಡಿದು ವಾದ ಮಾಡುವುದಕ್ಕಾಗಿ ಅಲ್ಲ. ಈ 'ಸೇರಿಸಿಕೊಳ್ಳಿ' ಎಂಬ ಪದ ಬಹಳ ಬೆಚ್ಚಗಿನದು. ಹಡಗು ಒಡೆದು, ಪೌಲನೂ ಜೊತೆಯವರೂ ನೆನೆದು ನಡುಗುತ್ತಾ ಮಾಲ್ಟಾ ದ್ವೀಪಕ್ಕೆ ಬಂದಾಗ, ಅಲ್ಲಿನ ಜನ ಬೆಂಕಿ ಹಾಕಿ ಎಲ್ಲರನ್ನೂ ಸೇರಿಸಿಕೊಂಡರು. ಗ್ರೀಕ್ ಮೂಲದಲ್ಲಿ ಅಲ್ಲಿರುವುದೂ ಇದೇ ಪದ. ಓಡಿಹೋಗಿದ್ದ ದಾಸ ಒನೇಸಿಮನನ್ನು ಅವನ ಒಡೆಯ ಫಿಲೆಮೋನನ ಬಳಿಗೆ ಕಳಿಸುವಾಗ, 'ನನ್ನನ್ನೇ ಸೇರಿಸಿಕೊಂಡ ಹಾಗೆ ಸೇರಿಸಿಕೋ' ಎಂದು ಪೌಲ ಬರೆದದ್ದೂ ಇದೇ ಪದದಿಂದ. ಮಳೆಯಲ್ಲಿ ನೆನೆದವರನ್ನು ಯಾರೂ ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ. ಮೊದಲು ಒಳಗೆ ಕರೆದು ಬೆಂಕಿಯ ಹತ್ತಿರ ಕೂರಿಸುತ್ತಾರೆ.

ಆ ವಾಕ್ಯದ ಎರಡನೇ ಭಾಗವನ್ನು ನಾವು ಬೇಗ ದಾಟಿಬಿಡುತ್ತೇವೆ. ವಾದ ಮಾಡುವುದಕ್ಕಾಗಿ ಅಲ್ಲ. ಒಳಗೆ ಕರೆದು, ಊಟ ಹಾಕಿ, ಆಮೇಲೆ ನಿಧಾನವಾಗಿ ತಿದ್ದೋಣ ಎಂಬ ಲೆಕ್ಕಾಚಾರ ಮನಸ್ಸಿನಲ್ಲಿದ್ದರೆ ಅದು ಸೇರಿಸಿಕೊಳ್ಳುವುದಲ್ಲ. ಬಂದವರಿಗೆ ಅದು ಗೊತ್ತಾಗಿಯೇ ಆಗುತ್ತದೆ. ನಾನು ಪಾಲನೆಯ ಕೆಲಸದಲ್ಲಿ ಕಲಿತ ದೊಡ್ಡ ಪಾಠ ಇದೇ. ಅವರು ಮಾಂಸದ ಬಗ್ಗೆ ಸಾಯುವವರೆಗೂ ಮನಸ್ಸು ಬದಲಿಸದೇ ಇರಬಹುದು. ಆಗಲೂ ನಿಮ್ಮ ಮೇಜಿನಲ್ಲಿ ಅವರ ಜಾಗ ಅವರದೇ. ದೇವರು ಅವರನ್ನು ಸೇರಿಸಿಕೊಂಡಾಗಿದೆ ಎಂದು ಮೂರನೇ ವಚನ ಹೇಳುತ್ತದೆ. ಅಲ್ಲೂ ಅದೇ ಪದ. ದೇವರು ಬಾಗಿಲು ತೆರೆದ ಮೇಲೆ ನಾವು ಬಾಗಿಲಲ್ಲಿ ನಿಂತು ಪರೀಕ್ಷೆ ಮಾಡುವುದು ಯಾಕೆ?

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಸತ್ಯ ಹೇಳಬೇಕು ಎಂದು ಅವರು ಹೇಳುವುದು ಸರಿ. ಪೌಲನಿಗೆ ಸ್ವಂತ ಅಭಿಪ್ರಾಯ ಇರಲಿಲ್ಲ ಎಂದಲ್ಲ. ಯಾವ ಪದಾರ್ಥವೂ ತನ್ನಷ್ಟಕ್ಕೆ ತಾನೇ ಅಶುದ್ಧವಲ್ಲ ಎಂದು ಅವನು ಅದೇ ಅಧ್ಯಾಯದಲ್ಲಿ ನೇರವಾಗಿ ಬರೆದಿದ್ದಾನೆ. 15ನೇ ಅಧ್ಯಾಯದ ಶುರುವಿನಲ್ಲಿ 'ಬಲವುಳ್ಳವರಾದ ನಾವು' ಎಂದು ತನ್ನನ್ನೂ ಆ ಕಡೆಗೇ ಸೇರಿಸಿಕೊಂಡಿದ್ದಾನೆ. ಆದರೆ ಹೇಗೆ ಹೇಳಿದ ನೋಡಿ. ಇಡೀ ಸಭೆಗೆ ಓದುವ ಪತ್ರದಲ್ಲಿ, ಯಾರ ಹೆಸರನ್ನೂ ಎತ್ತದೆ, ಯಾರನ್ನೂ ನಡುವೆ ಕೂರಿಸದೆ ಹೇಳಿದ. ಹೇಳಿದ ಮೇಲೂ 'ಆದ್ದರಿಂದ ಇನ್ನು ಮುಂದೆ ತಿನ್ನು' ಎಂದು ಒಬ್ಬರಿಗೂ ಹೇಳಲಿಲ್ಲ. ಪ್ರತಿಯೊಬ್ಬನೂ ತನ್ನ ತನ್ನ ಮನಸ್ಸಿನಲ್ಲಿ ನಿಶ್ಚಯ ಮಾಡಿಕೊಳ್ಳಲಿ ಎಂದ. ನಿಮ್ಮ ಮನೆಯಲ್ಲಿ ಹೇಳಿದ ವಿಷಯ ಸರಿಯೇ ಇರಬಹುದು. ಹತ್ತು ಜನ ಒಬ್ಬರ ಎದುರು ಕೂತು ಹೇಳಿದರೆ ಸರಿಯಾದ ಮಾತೂ ಕಲ್ಲಾಗುತ್ತದೆ.

ಮನಸ್ಸಾಕ್ಷಿಯ ವಿಷಯವನ್ನು ಪೌಲ ಬಹಳ ಗಂಭೀರವಾಗಿ ತೆಗೆದುಕೊಂಡ. ಸಂಶಯಪಟ್ಟುಕೊಂಡು ತಿಂದವನು ತಪ್ಪಿತಸ್ಥನಾಗುತ್ತಾನೆ, ಯಾಕೆಂದರೆ ಅವನು ನಂಬಿಕೆಯಿಂದ ತಿನ್ನಲಿಲ್ಲ ಎಂದು 14ನೇ ಅಧ್ಯಾಯದ 23ನೇ ವಚನ ಹೇಳುತ್ತದೆ. ಅಂದರೆ ಆ ರಾತ್ರಿ ನಿಮ್ಮ ಸಹೋದರರು ಸೋತು, ಮುಖದಾಕ್ಷಿಣ್ಯಕ್ಕೆ ಒಂದು ತುಂಡು ತಿಂದಿದ್ದರೆ, ಕೂಟದವರು ಖುಷಿಪಡುತ್ತಿದ್ದರು. ಅವರು ಮಾತ್ರ ಮನೆಗೆ ಹೋಗಿ, ದೇವರಿಗೆ ದ್ರೋಹ ಮಾಡಿದೆ ಅಂದುಕೊಂಡು ಮಲಗುತ್ತಿದ್ದರು. ಒಂದು ಸಲ ಮನಸ್ಸಾಕ್ಷಿಯನ್ನು ತುಳಿದು ನಡೆದವನಿಗೆ ಎರಡನೇ ಸಲ ಸುಲಭ. ಹೀಗೆ ತುಳಿಯುವುದನ್ನು ಕಲಿತವನು ನಾಳೆ ಹಳೆಯ ಗೆಳೆಯರು ಕರೆದಾಗಲೂ ಅದೇ ರೀತಿ ತುಳಿದಾನು. ಆದ್ದರಿಂದ ಅವರು ಎದ್ದು ಹೋದದ್ದು ನನಗೆ ಅಷ್ಟು ಕೆಟ್ಟ ಸುದ್ದಿಯಾಗಿ ಕಾಣುವುದಿಲ್ಲ. ಅವರ ಮನಸ್ಸಾಕ್ಷಿ ಇನ್ನೂ ಜೀವಂತವಾಗಿದೆ.

ಹಳೆಯ ಕಾಲದ ಒಂದು ವಿಷಯ ಹೇಳುತ್ತೇನೆ. 1522ರ ಮಾರ್ಚ್‌ನಲ್ಲಿ ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ ತಾನು ಅಡಗಿದ್ದ ಕೋಟೆಯಿಂದ ತನ್ನ ಊರಾದ ವಿಟೆನ್‌ಬರ್ಗ್‌ಗೆ ತಿರುಗಿ ಬಂದ. ಅವನಿಲ್ಲದಾಗ ಅಲ್ಲಿ ಅವನ ಸಹೋದ್ಯೋಗಿ ಕಾರ್ಲ್‌ಸ್ಟಾಟ್ ಮತ್ತು ಇತರರು ಆರಾಧನೆಯ ಪದ್ಧತಿಗಳನ್ನು ಒಂದೇ ಸಮನೆ ಬದಲಾಯಿಸಿದ್ದರು. ಎಷ್ಟೋ ಬದಲಾವಣೆಗಳು ಲೂಥರ್‌ಗೂ ಒಪ್ಪಿಗೆಯಾದವೇ. ಆದರೂ ಅವನು 8 ದಿನ ಒಂದೇ ಸಮನೆ ಪ್ರಸಂಗ ಮಾಡಿ ಜನರನ್ನು ತಡೆದ. ಬಲಹೀನರನ್ನು ಬಲವಂತದಿಂದ ಎಳೆಯಬೇಡಿ, ಮಗುವಿಗೆ ಮೊದಲು ಹಾಲು ಕೊಡುವ ಹಾಗೆ ಅವರಿಗೂ ಕೊಡಿ ಎಂಬುದು ಅವನ ವಾದ. ವಿಷಯ ಸರಿ ಇದ್ದರೂ ಅವಸರ ಅದನ್ನು ಕೆಡಿಸುತ್ತದೆ ಎಂದು ಆ ಖಡಕ್ ಮನುಷ್ಯನಿಗೂ ಅನ್ನಿಸಿತ್ತು. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ.

ಎಲ್ಲ ಭಿನ್ನಾಭಿಪ್ರಾಯಕ್ಕೂ ಇದೇ ನಿಯಮವಾ ಎಂದು ಅವರು ಕೇಳಬಹುದು. ಅಲ್ಲ. ಅಂತಿಯೋಕ್ಯ ಎಂಬ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರನು ಬೇರೆ ಜನಾಂಗದವರ ಜೊತೆ ಊಟ ಮಾಡುವುದನ್ನು ನಿಲ್ಲಿಸಿದಾಗ, ಇದೇ ಪೌಲ ಎಲ್ಲರ ಮುಂದೆ ಅವನನ್ನು ಎದುರಿಸಿದ. ಅಲ್ಲೂ ವಿಷಯ ಊಟದ್ದೇ. ಹಾಗಾದರೆ ವ್ಯತ್ಯಾಸ ಏನು? ಪೇತ್ರ ಮೇಜಿನಿಂದ ಎದ್ದು ಹೋದದ್ದು 'ನೀವು ಇನ್ನೂ ಪೂರ್ತಿ ನಮ್ಮವರಲ್ಲ' ಎಂದು ಉಳಿದವರಿಗೆ ಹೇಳಿದ ಹಾಗಾಯಿತು. ತನ್ನ ಜೊತೆ ಕೆಲಸ ಮಾಡುತ್ತಿದ್ದವರಲ್ಲಿ ತಿಮೊಥೆಗೆ ಸುನ್ನತಿ ಮಾಡಿಸಲು ಒಪ್ಪಿದ ಪೌಲ, ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಮೊದಲನೆಯದರಲ್ಲಿ ಯಾರ ರಕ್ಷಣೆಯೂ ಅದರ ಮೇಲೆ ನಿಂತಿರಲಿಲ್ಲ. ಎರಡನೆಯದರಲ್ಲಿ, ಇದಿಲ್ಲದೆ ಆಗುವುದಿಲ್ಲ ಎಂದು ಹಟ ಹಿಡಿದವರಿದ್ದರು. ಗೆರೆ ಇರುವುದು ಇಲ್ಲೇ. 'ನಾನು ಮಾಂಸ ತಿನ್ನುವುದಿಲ್ಲ' ಎಂದರೆ ಸೇರಿಸಿಕೊಳ್ಳಿ. 'ಮಾಂಸ ತಿನ್ನುವವರಿಗೆ ಕ್ರಿಸ್ತನಲ್ಲಿ ಪಾಲಿಲ್ಲ' ಎಂದು ಕಲಿಸಲು ಶುರು ಮಾಡಿದರೆ ಆಗ ಮಾತಾಡಬೇಕು. ಒಬ್ಬರಿಂದ ಇನ್ನೊಬ್ಬರಿಗೆ ಹಾನಿಯಾಗುವ ವಿಷಯಗಳು, ಮೋಸ, ಹೊಡೆತ, ದೌರ್ಜನ್ಯ, ಇವು 'ಅಭಿಪ್ರಾಯ'ದ ಲೆಕ್ಕಕ್ಕೇ ಬರುವುದಿಲ್ಲ. ಅಂಥ ಕಡೆ 'ತೀರ್ಪು ಮಾಡಬೇಡಿ' ಎಂಬ ವಚನವನ್ನು ಅಡ್ಡ ಹಿಡಿದು ಬಾಯಿ ಮುಚ್ಚಿಸುವುದನ್ನು ನೋಡಿದ್ದೇನೆ. ಅದು ಘೋರ ತಪ್ಪು.

ಹುಡುಗನಿಗೆ ಅವರು ಹೇಳಿದ ಮಾತು ಈ ಗೆರೆಯ ಹತ್ತಿರ ಬಂದಿದೆ. ಇಲ್ಲಿ ಪೌಲನ ಎರಡು ಪದಗಳು ಸಹಾಯ ಮಾಡುತ್ತವೆ. ತಿನ್ನುವವನಿಗೆ ಹೇಳುತ್ತಾನೆ, ತಿನ್ನದವನನ್ನು ಹೀನೈಸಬೇಡ. ತಿನ್ನದವನಿಗೆ ಹೇಳುತ್ತಾನೆ, ತಿನ್ನುವವನಿಗೆ ತೀರ್ಪು ಮಾಡಬೇಡ. ಇಬ್ಬರಿಗೂ ಒಂದೇ ತಪ್ಪನ್ನು ಹೊರಿಸಲಿಲ್ಲ. ಜಾಸ್ತಿ ಬಿಡುಗಡೆ ಇರುವವರಿಗೆ ಬರುವ ರೋಗ ತಾತ್ಸಾರ. 'ಪಾಪ, ಅವರಿಗೆ ಇನ್ನೂ ಅರ್ಥ ಆಗಿಲ್ಲ' ಎನ್ನುವ ಆ ನಗು. ಕಟ್ಟುನಿಟ್ಟು ಇರುವವರಿಗೆ ಬರುವ ರೋಗ ತೀರ್ಪು. 'ಇವರೆಲ್ಲ ಎಂಥ ವಿಶ್ವಾಸಿಗಳು' ಎನ್ನುವ ಆ ಹುಬ್ಬು. ನಿಮ್ಮ ಕೂಟದಲ್ಲಿ ಎರಡೂ ಇವೆ. ಆ ರಾತ್ರಿ ಒಂದೇ ರೋಗಕ್ಕೆ ಮದ್ದು ಮಾಡಲು ಹೊರಟಿರಿ, ಅದೂ ಇನ್ನೊಂದು ರೋಗ ಇದ್ದವರೇ ವೈದ್ಯರಾಗಿ.

ಅವರಿಗೆ ಅದನ್ನು ಹೇಳಬೇಕು, ಆದರೆ ಈಗಲೇ ಅಲ್ಲ. ಸಂಬಂಧ ಮತ್ತೆ ಕೂಡಿಕೊಂಡ ಮೇಲೆ, ಒಬ್ಬರೇ ಇದ್ದಾಗ, ಹುಡುಗನ ಹೆಸರನ್ನು ಮುಚ್ಚಿಡದೆ ಹೇಳಿ. 'ನಿಮ್ಮ ಭಾನುವಾರವನ್ನು ನಾವು ಗೌರವಿಸುತ್ತೇವೆ. ಅವನ ಭಾನುವಾರವನ್ನು ದೇವರಿಗೆ ಬಿಡಿ. ಅವನೂ ನಿಮ್ಮ ಒಡೆಯನ ಸೇವಕನೇ' ಎಂದರೆ ಸಾಕು. ಅಪೊಲ್ಲೋಸ ಎಂಬ ಬೋಧಕನ ಮಾತಿನಲ್ಲಿ ಕೊರತೆ ಕಂಡಾಗ ಪ್ರಿಸ್ಕಿಲ್ಲ, ಅಕ್ವಿಲ ಎದ್ದು ನಿಂತು ತಡೆಯಲಿಲ್ಲ. ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ತಿಳಿಸಿ ಹೇಳಿದರು. ಅಲ್ಲೂ ಮತ್ತೆ ಅದೇ 'ಸೇರಿಸಿಕೊಂಡರು' ಎಂಬ ಪದವೇ ಇದೆ. ಹಾಗೆ ಮಾಡಿದರೆ ಅವರು ಬೇಸರಪಟ್ಟು ಮತ್ತೆ ದೂರ ಹೋಗಬಹುದು, ಆ ಅಪಾಯ ಇದ್ದೇ ಇದೆ. ಹೇಳದೇ ಬಿಟ್ಟರೆ ಹುಡುಗನೇ ಹೋದಾನು.

ಈಗ ಊಟದ ಪ್ರಶ್ನೆ. ಎಲ್ಲರೂ ಮಾಂಸ ಬಿಡಬೇಕಾ?

ನಿಮ್ಮ ಮುಂದೆ ಮೂರು ದಾರಿ ಇವೆ. ಕೂಟದ ದಿನ ಮಾಂಸವನ್ನೇ ಮಾಡದೇ ಇರುವುದು ಒಂದು. ಇದು ಪ್ರೀತಿಯ ದಾರಿ, ಕೆಲವು ಕಾಲಕ್ಕಂತೂ ನಾನು ಇದನ್ನೇ ಆರಿಸುತ್ತೇನೆ. ತನ್ನ ಊಟ ಸಹೋದರನನ್ನು ಬೀಳಿಸುವುದಾದರೆ ಎಂದೆಂದಿಗೂ ಮಾಂಸ ತಿನ್ನುವುದಿಲ್ಲ ಎಂದು ಪೌಲ ಕೊರಿಂಥದವರಿಗೆ ಬರೆದ. ಆದರೆ ಇದನ್ನು ಯಾರ ಹೆಸರಿನಲ್ಲೂ ಪ್ರಕಟಿಸಬೇಡಿ. 'ಇವರಿಗೋಸ್ಕರ ನಾವೆಲ್ಲ ಬಿಟ್ಟಿದ್ದೇವೆ' ಎಂಬ ಒಂದು ಮಾತು ಅವರ ತಲೆಯ ಮೇಲೆ ಮೂಟೆ ಹೊರಿಸಿದ ಹಾಗೆ. ಎರಡನೆಯದು, ಎರಡೂ ಬಗೆಯ ಅಡುಗೆ ಇರಲಿ, ಅವರವರ ತಟ್ಟೆ ಅವರವರಿಗೆ. ಕಣ್ಣೆದುರಿಗೆ ಇದ್ದರೆ ಅವರಿಗೆ ಕಷ್ಟವಾಗುವುದಿಲ್ಲ ಎಂದು ಗೊತ್ತಾದರೆ ಇದು ಸರಳ. ಅವರನ್ನೇ ಕೇಳಿದರೆ ಹೇಳುತ್ತಾರೆ. ಮೂರನೆಯದು, ಏನನ್ನೂ ಬದಲಾಯಿಸದೇ ಇರುವುದು. 'ಅವರೇ ಹೊಂದಿಕೊಳ್ಳಲಿ' ಎನ್ನುವುದು. ಇದರಲ್ಲಿ ನಿಮ್ಮ ಕೂಟಕ್ಕೆ ಏನೂ ನಷ್ಟವಿಲ್ಲ ಎನಿಸುತ್ತದೆ. ಮೂರು ವಾರದಿಂದ ಖಾಲಿ ಇರುವ ಆ ಕುರ್ಚಿಯೇ ನಷ್ಟ.

ಇಲ್ಲೊಂದು ಭೇದವನ್ನು ನೆನಪಿಡಿ. ಎಡವುವುದು ಬೇರೆ, ಬೇಸರಪಡುವುದು ಬೇರೆ. ಪೌಲ ಹೇಳಿದ ಎಡವುಗಲ್ಲು ಎಂದರೆ, ನನ್ನನ್ನು ನೋಡಿ ಇನ್ನೊಬ್ಬ ತನ್ನ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆದು ಬಿದ್ದುಹೋಗುವುದು. ಹೊಸದಾಗಿ ಕುಡಿತ ಬಿಟ್ಟವರ ಮುಂದೆ ನಾನು ಕುಡಿದರೆ ಅದು ಎಡವುಗಲ್ಲು. ಮೂವತ್ತು ವರ್ಷದಿಂದ ಸಭೆಯಲ್ಲಿರುವ ಒಬ್ಬರಿಗೆ ಹೊಸ ಹಾಡಿನ ರಾಗ ಇಷ್ಟವಾಗದೇ, 'ನನ್ನನ್ನು ಎಡವಿಸಬೇಡಿ' ಎಂದರೆ ಅದು ಬೇಸರ. ಅವರು ಬೀಳುವುದಿಲ್ಲ, ಅವರಿಗೆ ಸಿಟ್ಟು ಬಂದಿದೆ ಅಷ್ಟೇ. ಅವರ ಮಾತನ್ನೂ ಕೇಳಿ. ಆದರೆ ಇಡೀ ಸಭೆಯ ಲಗಾಮನ್ನು ಅವರ ಕೈಗೆ ಕೊಡಬೇಕಿಲ್ಲ. ನಿಮ್ಮ ಸಹೋದರರು ಯಾವ ಗುಂಪಿನವರು ಎಂದು ನಿಮ್ಮ ಪತ್ರ ಓದಿದರೇ ತಿಳಿಯುತ್ತದೆ. ಅವರು ಯಾರನ್ನೂ ಮಾಂಸ ಬಿಡಿ ಎಂದು ಕೇಳಿಲ್ಲ. ಸುಮ್ಮನೆ ತಮ್ಮ ಪಾಡಿಗೆ ತಿನ್ನದೇ ಇದ್ದರು.

ಭಿನ್ನಾಭಿಪ್ರಾಯ ಬಗೆಹರಿಯದೇ ಜೊತೆಗಿರಲು ಸಾಧ್ಯವಾ ಎಂಬ ಅನುಮಾನ ನಿಮಗಿದ್ದರೆ ಪೊಲಿಕಾರ್ಪನನ್ನು ನೆನೆಯಿರಿ. ಸ್ಮುರ್ನದ ಸಭೆಯ ಅಧ್ಯಕ್ಷನಾಗಿದ್ದ ಆ ಮುದುಕ ಸುಮಾರು ಕ್ರಿ.ಶ. 155ರಲ್ಲಿ ರೋಮ್‌ಗೆ ಬಂದ. ಪಸ್ಕ (ಈಸ್ಟರ್) ಹಬ್ಬವನ್ನು ಯಾವ ದಿನ ಆಚರಿಸಬೇಕು ಎಂಬ ವಿಷಯದಲ್ಲಿ ಅವನಿಗೂ ರೋಮ್‌ನ ಸಭೆಯ ಅಧ್ಯಕ್ಷ ಅನಿಸೇತನಿಗೂ ಒಪ್ಪಿಗೆ ಆಗಲಿಲ್ಲ. ಇವನು ಅವನನ್ನು ಒಪ್ಪಿಸಲು ಆಗಲಿಲ್ಲ, ಅವನು ಇವನನ್ನು ಒಪ್ಪಿಸಲು ಆಗಲಿಲ್ಲ. ಆಗ ಅನಿಸೇತ ಏನು ಮಾಡಿದ ಗೊತ್ತಾ? ತನ್ನ ಸಭೆಯಲ್ಲಿ ಕರ್ತನ ಭೋಜನವನ್ನು ನಡೆಸುವ ಗೌರವವನ್ನು ಪೊಲಿಕಾರ್ಪನಿಗೇ ಬಿಟ್ಟುಕೊಟ್ಟ. ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. ಕೆಲವು ದಶಕಗಳ ನಂತರ ರೋಮ್‌ನ ಸಭೆಯ ಅಧ್ಯಕ್ಷ ವಿಕ್ಟರ್ ಇದೇ ದಿನದ ವಿಷಯಕ್ಕೆ ಸ್ಮುರ್ನ ಇದ್ದ ಏಷ್ಯ ಪ್ರಾಂತ್ಯದ ಸಭೆಗಳನ್ನು ಹೊರಗೆ ಹಾಕಲು ಹೊರಟಾಗ, ಲಿಯಾನ್‌ನ ಸಭೆಯ ಅಧ್ಯಕ್ಷ ಐರೇನಿಯಸ್ ಈ ಹಳೆಯ ಘಟನೆಯನ್ನು ನೆನಪಿಸಿ ಅವನಿಗೆ ಪತ್ರ ಬರೆದ. ನನಗೆ ಈ ಘಟನೆ ಬಹಳ ಇಷ್ಟ. ಚರ್ಚೆ ನಡೆಯಿತು, ತೀರ್ಮಾನ ಆಗಲಿಲ್ಲ, ಆದರೂ ಒಂದೇ ಮೇಜಿನಿಂದ ರೊಟ್ಟಿ ಮುರಿದರು.

ಕೊನೆಯದು ಆ ಹುಡುಗಿಯ ವಿಷಯ. ನನ್ನ ಮನಸ್ಸಿಗೆ ಇದೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆ ರಾತ್ರಿ ವಾದ ನಡೆದದ್ದು ಒಬ್ಬರ ಜೊತೆ. ಪಾಠ ಕಲಿತವಳು ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬಳು. ಇಲ್ಲಿ ಬಲಹೀನತೆ ತೋರಿಸಿದರೆ ಹೀಗಾಗುತ್ತದೆ ಎಂದು ಅವಳು ತಿಳಿದುಕೊಂಡಳು. ಅವಳ ಕಷ್ಟ ರೋಮ್‌ನ ಮಾಂಸದ ಪ್ರಶ್ನೆಯಂಥದ್ದಲ್ಲ, ಅದು ಸಂಶಯ. ಸಂಶಯಪಡುವವರಿಗೆ ಕರುಣೆ ತೋರಿಸಿ ಎಂದು ಯೂದನ ಪತ್ರ ಹೇಳುತ್ತದೆ. 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಎಂದು ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಕೂಗಿಕೊಂಡ. ಯೇಸು ಅವನಿಗೆ ಮೊದಲು ಅಪನಂಬಿಕೆಯನ್ನು ಸರಿ ಮಾಡಿಕೊಂಡು ಬಾ ಎನ್ನಲಿಲ್ಲ. ಮಗನನ್ನು ಗುಣಪಡಿಸಿದ.

ಅವಳಿಗೆ ಮೆಸೇಜ್‌ನಲ್ಲಿ ವಚನಗಳ ಪಟ್ಟಿ ಕಳಿಸಬೇಡಿ. ಹೋಗಿ ಭೇಟಿಯಾಗಿ. ಯಾವ ಪ್ರಾರ್ಥನೆಗೆ ಉತ್ತರ ಸಿಗಲಿಲ್ಲ ಎಂದು ಕೇಳಿ. ಯಾಕೆಂದರೆ ಇಂಥ ಸಂಶಯದ ಹಿಂದೆ ಸಾಮಾನ್ಯವಾಗಿ ಒಂದು ಹೆಸರಿರುತ್ತದೆ. ಕಾಯಿಲೆ ಬಿದ್ದ ಒಬ್ಬರು, ಬಿಟ್ಟುಹೋದ ಒಬ್ಬರು. ಕೇಳಿ ಸುಮ್ಮನಿರಿ. ಅವಳಿಗೆ ಪ್ರಾರ್ಥನೆ ಮಾಡಲು ಆಗದಿದ್ದರೆ, ಸದ್ಯಕ್ಕೆ ಅವಳ ಪರವಾಗಿ ನೀವು ಮಾಡುತ್ತೀರಿ ಎಂದು ಹೇಳಿ. ಅವಳ ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡ ಎನ್ನುವ ಮಾತು ಬಂದರೆ, ಅದನ್ನು ನಂಬಿಕೆಯ ಪ್ರಶ್ನೆ ಎಂದು ಮಾತ್ರ ನೋಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಸಹೋದರರ ಮನೆಗೆ ಈ ವಾರದ ಕೂಟಕ್ಕೆ ಮೊದಲೇ ಹೋಗಿ ಬನ್ನಿ. ಫೋನ್‌ನಲ್ಲಿ ಬೇಡ, ಭಾನುವಾರವೂ ಬೇಡ. ನಿಮ್ಮ ಯಜಮಾನರೂ ಬರಲಿ, ಆ ರಾತ್ರಿ ಮಾತು ಶುರು ಮಾಡಿದವರೂ ಬಂದರೆ ಇನ್ನೂ ಒಳ್ಳೆಯದು. ಆದರೆ ಮೂವರಿಗಿಂತ ಜಾಸ್ತಿ ಹೋಗಬೇಡಿ, ಮತ್ತೆ ಸುತ್ತುವರಿದ ಹಾಗೆ ಆಗುತ್ತದೆ. 'ಆ ದಿನ ನಾವು ಹೇಳಿದ ರೀತಿ ತಪ್ಪು' ಎಂದು ಹೇಳಿ. ಅದರ ಹಿಂದೆ 'ಆದರೆ' ಸೇರಿಸಬೇಡಿ. ಅವರು ತಕ್ಷಣ ಬರುತ್ತೇನೆ ಎನ್ನದೇ ಇರಬಹುದು. ಬೇರೆ ಸಭೆಗೆ ಹೋಗಲು ಶುರು ಮಾಡಿರಲೂಬಹುದು. ಆಗ ಒತ್ತಾಯ ಮಾಡಬೇಡಿ, ಅವರನ್ನು ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದು ವಿಚಾರಿಸಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಹೋಗಿ. ಮಾತು ತಾನಾಗಿ ಆ ಕಡೆ ತಿರುಗಿದರೆ, ಇಷ್ಟು ದಿನ ಕೇಳದೇ ಬಿಟ್ಟ ಆ ಒಂದು ಪ್ರಶ್ನೆಯನ್ನು ಕೇಳಿ, ಅವರು ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಬೇಡಿ.